ಓಟ ನಿಲ್ಲಿಸುವ ಯಂತ್ರ

ವೇಗವೇ ಹಿರಿಮೆಯೆನಿಸಿರುವ ಈ ಕಾಲದಲ್ಲಿ, ಓಡುವುದನ್ನು ಇನ್ನಷ್ಟು ಓಡಿಸುವುದಕ್ಕೆಂದೇ ಹುಟ್ಟಿದ ಯಂತ್ರಗಳಿಗೆ ಲೆಕ್ಕವಿಲ್ಲ. ವಿಜ್ಞಾನಿಗಳ ಲೋಕದಲ್ಲಂತೂ ಪರಮಾಣುವಿನ ಕಣಗಳನ್ನು ಬೆಳಕಿನ ವೇಗದ ಹತ್ತಿರಹತ್ತಿರಕ್ಕೆ ಅಟ್ಟುವ ವೇಗವರ್ಧಕಗಳು ದಶಕದಿಂದ ದಶಕಕ್ಕೆ ಗಾತ್ರದಲ್ಲಿ ಬೆಳೆಯುತ್ತಲೇ ಬಂದಿವೆ. ಅಂಥ ಯಂತ್ರಗಳ ತವರುಮನೆ ಎನ್ನಬಹುದಾದ ಸ್ಥಳ ಜಿನೀವಾ ನಗರದ ಅಂಚಿನಲ್ಲಿರುವ ಸರ್ನ್ ಸಂಸ್ಥೆ. ಯುರೋಪಿನ ಹಲವು ರಾಷ್ಟ್ರಗಳು ಕೈಗೂಡಿಸಿ 1954ರಲ್ಲಿ ಕಟ್ಟಿದುದು. ಅಲ್ಲಿಯ ಒಂದು ಯಂತ್ರ ಮಾತ್ರ ತನ್ನ ಬಳಗಕ್ಕೆಲ್ಲ ವಿರುದ್ಧವಾದ ವ್ರತವನ್ನು ಹಿಡಿದು ಕುಳಿತಿದೆ. ಓಡಿ ಬಂದ ಕಣಗಳ ಓಟವನ್ನು ಕುಗ್ಗಿಸಿ, ಕುಗ್ಗಿಸಿ, ಕಡೆಗೆ ಅವು ಒಂದೆಡೆ ನಿಲ್ಲುವಂತೆ ಮಾಡುವುದೇ ಅದರ ಕೆಲಸ.

ಅದು ಹೀಗೆ ನಿಲ್ಲಿಸುವ ಕಣವಾದರೂ ಸಾಮಾನ್ಯವಾದುದಲ್ಲ. ಅದರ ಹೆಸರು ಪ್ರತಿಪ್ರೋಟಾನ್. ನಮ್ಮ ಊಟದ ತಟ್ಟೆ, ತಟ್ಟೆಯಲ್ಲಿನ ಅನ್ನ, ಉಣ್ಣುವ ಕೈ, ಎಲ್ಲವೂ ಯಾವ ಪ್ರೋಟಾನ್‌ಗಳಿಂದ ಆಗಿವೆಯೋ ಆ ಪ್ರೋಟಾನಿನ ಕನ್ನಡಿಯ ಬಿಂಬ ಅದು. ತೂಕ ಅಷ್ಟೇ, ವಿದ್ಯುದಂಶ ಮಾತ್ರ ತಿರುವುಮುರುವು. ಪ್ರೋಟಾನಿನದು ಧನ, ಇದರದು ಋಣ. ಎರಡೂ ಒಂದನ್ನೊಂದು ಮುಟ್ಟಿದರೆ ಎರಡೂ ಉಳಿಯುವುದಿಲ್ಲ. ಅವುಗಳ ದ್ರವ್ಯವೆಲ್ಲ ಕ್ಷಣಾರ್ಧದಲ್ಲಿ ಶಕ್ತಿಯಾಗಿ, ಬೇರೆ ಹಗುರ ಕಣಗಳಾಗಿ ಸಿಡಿದುಹೋಗುವುದು. ಹೀಗಿರುವಲ್ಲಿ ಅದನ್ನು ಯಾವ ಪಾತ್ರೆಯಲ್ಲಿ ಇಡುವುದು? ಯಾವ ಚಿಮ್ಮಟದಿಂದ ಹಿಡಿಯುವುದು?

ಈ ಪ್ರತಿದ್ರವ್ಯದ ಸುಳಿವು ಮೊದಲು ಸಿಕ್ಕಿದುದು ಪ್ರಯೋಗಶಾಲೆಯಲ್ಲಲ್ಲ, ಕಾಗದದ ಮೇಲೆ. 1928ರಲ್ಲಿ ಪಾಲ್ ಡಿರಾಕ್ ಎಂಬ ಇಪ್ಪತ್ತೈದರ ಆಂಗ್ಲ ತರುಣ ಎಲೆಕ್ಟ್ರಾನಿನ ನಡತೆಯನ್ನು ವಿವರಿಸುವ ಸಮೀಕರಣವೊಂದನ್ನು ಬರೆದನು. ನಾಲ್ಕರ ವರ್ಗಮೂಲ ಎರಡೂ ಹೌದು, ಋಣ ಎರಡೂ ಹೌದು ಎಂಬುದು ಪ್ರೌಢಶಾಲೆಯ ಹುಡುಗರಿಗೂ ತಿಳಿದ ಮಾತು. ಲೆಕ್ಕದಲ್ಲಿ ಋಣ ಉತ್ತರ ಬಂದಾಗ ‘ಇದು ಅಸಂಬದ್ಧ’ ಎಂದು ಬರೆದು ಅಡ್ಡಗೆರೆ ಎಳೆಯುವುದು ವಾಡಿಕೆ. ಡಿರಾಕನ ಸಮೀಕರಣಕ್ಕೂ ಅಂಥ ಎರಡನೆಯ ಉತ್ತರವಿದ್ದಿತು. ಆತ ಗೆರೆ ಎಳೆಯಲಿಲ್ಲ. 1931ರ ಹೊತ್ತಿಗೆ, ಎಲೆಕ್ಟ್ರಾನಿನಷ್ಟೇ ತೂಕದ, ಧನ ವಿದ್ಯುದಂಶದ ಹೊಸ ಕಣವೊಂದು ಇರಲೇಬೇಕೆಂದು ಸಾರಿದನು. ಮರುವರ್ಷವೇ ಅಮೆರಿಕದ ಕಾರ್ಲ್ ಆಂಡರ್ಸನ್ ಆಕಾಶದಿಂದ ಬರುವ ವಿಶ್ವಕಿರಣಗಳ ಛಾಯಾಚಿತ್ರಗಳಲ್ಲಿ ಅದರ ಹೆಜ್ಜೆಯ ಗುರುತನ್ನು ಕಂಡನು. ಪಾಸಿಟ್ರಾನ್ ಎಂಬ ಹೆಸರು ಅದಕ್ಕೆ ಬಂದಿತು.

ಪಾಸಿಟ್ರಾನಿನ ಕಥೆಯಲ್ಲಿ ಭಾರತೀಯನೊಬ್ಬನ ಪಾತ್ರವೂ ಉಂಟು. ಎಲೆಕ್ಟ್ರಾನೂ ಪಾಸಿಟ್ರಾನೂ ಎದುರುಬದುರಾದಾಗ ಯಾವ ಯಾವ ಕೋನಗಳಲ್ಲಿ ಚದುರುವುವೆಂಬ ಲೆಕ್ಕವನ್ನು 1930ರ ದಶಕದಲ್ಲಿ ಕೇಂಬ್ರಿಜ್ಜಿನಲ್ಲಿದ್ದ ಹೋಮಿ ಭಾಭಾ ಮಾಡಿದರು. ಆ ಕ್ರಿಯೆಗೆ ಇಂದಿಗೂ ಪ್ರಪಂಚದಾದ್ಯಂತ ಅವರದೇ ಹೆಸರು. 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದ ಅವರನ್ನು ಮಹಾಯುದ್ಧ ಇಲ್ಲಿಯೇ ನಿಲ್ಲಿಸಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ವಿ. ರಾಮನ್ನರ ವಿಭಾಗವನ್ನು ಸೇರಿ ಅವರು ವಿಶ್ವಕಿರಣಗಳ ಅಧ್ಯಯನಕ್ಕೆಂದೇ ಒಂದು ಘಟಕವನ್ನು ತೆರೆದರು.

ಪಾಸಿಟ್ರಾನ್ ಅಷ್ಟೇನೂ ಅಪರೂಪದ ವಸ್ತುವಲ್ಲವೆಂದರೆ ಗೃಹಿಣಿಯರಿಗೆ ಅಚ್ಚರಿಯಾದೀತು. ಬಾಳೆಹಣ್ಣಿನಲ್ಲಿ ಪೊಟಾಸಿಯಂ ಇದೆ. ಅದರ ಒಂದು ಅತ್ಯಲ್ಪ ಭಾಗ ವಿಕಿರಣಶೀಲವಾದುದು. ಲೆಕ್ಕ ಹಾಕಿದರೆ ಒಂದು ಬಾಳೆಹಣ್ಣಿನಿಂದ ಸುಮಾರು 75 ನಿಮಿಷಕ್ಕೊಮ್ಮೆ ಒಂದು ಪಾಸಿಟ್ರಾನ್ ಹೊಮ್ಮುವುದು. ಹೊಮ್ಮಿದ ಕೂಡಲೇ ಪಕ್ಕದ ಎಲೆಕ್ಟ್ರಾನೊಂದನ್ನು ಮುಟ್ಟಿ ಇಲ್ಲವಾಗುವುದು. ಇದರಿಂದ ಯಾರಿಗೂ ಕೇಡಿಲ್ಲ, ಹಣ್ಣಿನ ಬುಟ್ಟಿಯನ್ನು ಹೊರಗಿಡಬೇಕಾಗಿಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಅರ್ಬುದದ ನೆಲೆಯನ್ನು ಹುಡುಕಲು ರೋಗಿಯ ಮೈಗೆ ಸೇರಿಸುವ ಔಷಧವೂ ಪಾಸಿಟ್ರಾನ್‌ಗಳನ್ನು ಹೊಮ್ಮಿಸುವಂಥದೇ.

ಆದರೆ ಪ್ರತಿಪ್ರೋಟಾನಿನ ಮಾತು ಬೇರೆ. ಅದು ಪಾಸಿಟ್ರಾನಿಗಿಂತ 1836 ಪಾಲು ಭಾರ. ಬುಟ್ಟಿಯ ಹಣ್ಣಿನಲ್ಲಿ ಹುಟ್ಟುವಂಥದಲ್ಲ.

ಹುಟ್ಟುತ್ತಲೇ ಓಟ

ಶಕ್ತಿಯಿಂದ ದ್ರವ್ಯವನ್ನು ಪಡೆಯಬಹುದೆಂಬುದು ಐನ್‌ಸ್ಟೈನರ ಸೂತ್ರ. ಒಂದು ಪ್ರೋಟಾನನ್ನೂ ಅದರ ಜೊತೆಗೆ ಒಂದು ಪ್ರತಿಪ್ರೋಟಾನನ್ನೂ ಪಡೆಯಲು ಸುಮಾರು 188 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಸಾಕು. ಇವು ಯಾವಾಗಲೂ ಜೋಡಿಯಾಗಿಯೇ ಹುಟ್ಟುವುವು. ಒಂಟಿಯಾಗಿ ಹುಟ್ಟುವ ಕ್ರಮವಿಲ್ಲ. ಆದರೆ ಲೋಹದ ತುಂಡೊಂದನ್ನು ಎದುರಿಗಿಟ್ಟು ಅದಕ್ಕೆ ವೇಗದ ಪ್ರೋಟಾನ್‌ಗಳನ್ನು ಬಡಿಯುವಾಗ ಆ ಲೆಕ್ಕ ಸಾಲದು. ಬಂದು ಬಡಿದ ಕಣದ ನೂಕು ಎಲ್ಲಿಯೂ ಮಾಯವಾಗುವಂತಿಲ್ಲವಷ್ಟೆ. ಬಡಿತದಲ್ಲಿ ಪಾಲ್ಗೊಂಡ ಕಣಗಳೂ ಹೊಸದಾಗಿ ಹುಟ್ಟಿದ ಕಣಗಳೂ ಆ ನೂಕನ್ನು ಹಂಚಿಕೊಂಡು ಮುಂದಕ್ಕೆ ಧಾವಿಸಲೇಬೇಕು. ಆ ಧಾವಿಸುವಿಕೆಗೂ ಶಕ್ತಿ ಬೇಕಾದುದರಿಂದ ಬೆಲೆ ಮೂರು ಪಟ್ಟಾಗಿ, ಸುಮಾರು 560 ಕೋಟಿಗೆ ಏರುವುದು. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಕಟ್ಟಿದ ಬೆವಟ್ರಾನ್ ಎಂಬ ವೇಗವರ್ಧಕಕ್ಕೆ 620 ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಬಲವನ್ನು ಗೊತ್ತುಮಾಡುವಾಗ ಈ ಲೆಕ್ಕವೇ ಮನಸ್ಸಿನಲ್ಲಿದ್ದಿತು.

1955ರಲ್ಲಿ ಎಮಿಲಿಯೊ ಸೆಗ್ರೆ, ಓವೆನ್ ಚೇಂಬರ್ಲಿನ್, ಕ್ಲೈಡ್ ವೀಗಂಡ್, ಟಾಮ್ ಇಪ್ಸಿಲಾಂಟಿಸ್ ಎಂಬ ನಾಲ್ವರು ಅಲ್ಲಿ ಪ್ರತಿಪ್ರೋಟಾನನ್ನು ಹಿಡಿದುದು ಸಂತೆಯಲ್ಲಿ ಕಳೆದ ಮಗುವನ್ನು ಹುಡುಕಿದಂತೆ. ಹತ್ತಾರು ಸಾವಿರ ಇತರ ಕಣಗಳ ನಡುವೆ ಒಂದೇ ಒಂದು ಪ್ರತಿಪ್ರೋಟಾನ್! ಅವರು ಹೂಡಿದ ಉಪಾಯ ಸರಳವಾದುದು. ಒಂದೇ ನೂಕುಳ್ಳ ಕಣಗಳನ್ನು ಅಯಸ್ಕಾಂತಗಳಿಂದ ಆರಿಸಿ, ಸುಮಾರು 12 ಮೀಟರ್ ದೂರ ಓಡಿಸಿದರು. ಹಗುರ ಕಣಗಳು ಆ ದೂರವನ್ನು ಸೆಕೆಂಡಿನ ನೂರು ಕೋಟಿಯ 40 ಭಾಗಗಳಲ್ಲಿ ಮುಗಿಸಿದರೆ, ಭಾರವಾದ ಪ್ರತಿಪ್ರೋಟಾನಿಗೆ 51 ಭಾಗ ಬೇಕಾಯಿತು. ಆ ಹನ್ನೊಂದು ಭಾಗಗಳ ತಡವೇ ಅದರ ಗುರುತುಚೀಟಿ. ಸೆಗ್ರೆ ಮತ್ತು ಚೇಂಬರ್ಲಿನರಿಗೆ 1959ರ ನೊಬೆಲ್ ಬಹುಮಾನ ದೊರೆಯಿತು.

ಕಣ ಇದೆಯೆಂದು ತಿಳಿದುದಾಯಿತು. ಆದರೆ ಓಡುವ ರೈಲಿನ ಕಿಟಕಿಯಲ್ಲಿ ಕಂಡ ಮುಖದ ಪರಿಚಯ ಎಷ್ಟರದು? ಎದುರಿಗೆ ಕೂರಿಸಿಕೊಂಡು ನೋಡಬೇಕು. ಇದು ಬರಿಯ ಕುತೂಹಲದ ಮಾತಲ್ಲ. ವಿಶ್ವ ಹುಟ್ಟಿದಾಗ ದ್ರವ್ಯವೂ ಪ್ರತಿದ್ರವ್ಯವೂ ಸಮಸಮನಾಗಿ ಹುಟ್ಟಿದುವೆಂದು ಶಾಸ್ತ್ರ ಹೇಳುತ್ತದೆ. ಸಮಸಮನಾಗಿದ್ದುವು ಒಂದನ್ನೊಂದು ತಿಂದು ಮುಗಿಸಬೇಕಾಗಿತ್ತು. ಉಳಿಯಬೇಕಾದುದು ಬೆಳಕು ಮಾತ್ರ. ಆದರೂ ಸೂರ್ಯಚಂದ್ರರಿದ್ದಾರೆ, ಕಾವೇರಿ ಹರಿಯುತ್ತಿದೆ, ವಾಚಕರು ಪತ್ರಿಕೆ ಹಿಡಿದು ಕುಳಿತಿದ್ದಾರೆ. ನೂರು ಕೋಟಿಗೆ ಒಂದರಂತೆ ದ್ರವ್ಯದ ಕಣಗಳು ಮಿಕ್ಕಿ ಉಳಿದುವೆಂದೂ, ಆ ಮಿಗತೆಯೇ ಇಂದಿನ ಜಗತ್ತೆಂದೂ ಲೆಕ್ಕಾಚಾರಗಳು ಹೇಳುತ್ತವೆ. ಏಕೆ ಮಿಕ್ಕಿತು? ಕನ್ನಡಿಯ ಬಿಂಬದಲ್ಲಿ ಎಲ್ಲಿಯೋ ಒಂದು ಕೂದಲೆಳೆಯ ವ್ಯತ್ಯಾಸವಿರಬೇಕು. ಪ್ರತಿಪ್ರೋಟಾನಿನ ತೂಕ, ಅದರ ಕಾಂತಗುಣ, ಅದರಿಂದ ಮಾಡಿದ ಪರಮಾಣುವಿನ ಬಣ್ಣ ಇವುಗಳನ್ನು ಹತ್ತು ಹನ್ನೆರಡು ಅಂಕಿಗಳವರೆಗೆ ಅಳೆದು ನೋಡಿದರೆ ಆ ವ್ಯತ್ಯಾಸ ಸಿಕ್ಕೀತು. ಹಾಗೆ ಅಳೆಯುವುದಕ್ಕೆ ಅದು ನಿಲ್ಲಬೇಕು.

ಹುಟ್ಟಬೇಕಾದರೆ ಘೋರವಾದ ಬಡಿತ ಬೇಕು. ಬಡಿತದಲ್ಲಿ ಹುಟ್ಟಿದುದು ಬೆಳಕಿಗೆ ಸರಿಸಾಟಿಯಾಗಿ ಓಡುತ್ತಿರುತ್ತದೆ. ಅಳೆಯಬೇಕಾದರೆ ಅದು ನಿಶ್ಚಲವಾಗಿರಬೇಕು. ಈ ಎರಡು ತುದಿಗಳನ್ನು ಗಂಟುಹಾಕುವ ಕೆಲಸ ಜಿನೀವಾದ ಯಂತ್ರದ ಪಾಲಿಗೆ ಬಂದಿತು.

ತೇರು ಮತ್ತು ಹಾಲು

ಸರ್ನ್‌ನಲ್ಲಿ 1959ರಿಂದ ದುಡಿಯುತ್ತಿರುವ, 628 ಮೀಟರ್ ಸುತ್ತಳತೆಯ ಪ್ರೋಟಾನ್ ಸಿಂಕ್ರೊಟ್ರಾನ್ ಎಂಬ ಹಳೆಯ ವೇಗವರ್ಧಕವೊಂದಿದೆ. ಅದರಿಂದ ಹೊರಟ, ಸುಮಾರು 2600 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಪ್ರೋಟಾನ್‌ಗಳ ಗುಂಪು ಇರಿಡಿಯಂ ಎಂಬ ಭಾರ ಲೋಹದ ತುಂಡಿಗೆ ಬಡಿಯುತ್ತದೆ. ಸುಮಾರು ಹತ್ತು ಲಕ್ಷ ಬಡಿತಗಳಿಗೆ ಒಂದು ಪ್ರತಿಪ್ರೋಟಾನ್ ಹುಟ್ಟುವುದು. ಹುಟ್ಟಿದವುಗಳಲ್ಲಿ ಕೈಗೆ ಸಿಕ್ಕುವುದು ಇನ್ನೂ ಕಡಮೆ. ಸಿಕ್ಕಿದವು ಬೆಳಕಿನ ವೇಗದ ನೂರಕ್ಕೆ 97 ಪಾಲು ವೇಗದಲ್ಲಿ, ದಿಕ್ಕುದೆಸೆಯಿಲ್ಲದೆ ಚೆದುರಿಕೊಂಡು, 182 ಮೀಟರ್ ಸುತ್ತಳತೆಯ ಒಂದು ಉಂಗುರವನ್ನು ಹೊಗುತ್ತವೆ. ಅದೇ ಪ್ರತಿಪ್ರೋಟಾನ್ ವೇಗಾಪಕರ್ಷಕ. 2000ದಲ್ಲಿ ಕೆಲಸಕ್ಕೆ ತೊಡಗಿದುದು.

ಅದಕ್ಕೆ ಮುಂಚೆ 1982ರಿಂದ 1996ರವರೆಗೆ ಇದೇ ಕೆಲಸವನ್ನು ಲಿಯರ್ ಎಂಬ ಉಂಗುರ ನಡೆಸುತ್ತಿದ್ದಿತು. ಸಂಸ್ಥೆಯ ಹಣವೂ ಆಳುಗಳೂ ಹೊಸ ದೊಡ್ಡ ವೇಗವರ್ಧಕದ ಕಡೆಗೆ ಹರಿಯಬೇಕಾಗಿ ಬಂದುದರಿಂದ ಅದನ್ನು ಮುಚ್ಚಿದರು. ಮುಚ್ಚಿದ ಮೇಲೂ ವಿಜ್ಞಾನಿಗಳು ಸುಮ್ಮನಿರದೆ, ಪ್ರತಿಪ್ರೋಟಾನ್‌ಗಳನ್ನು ಕೂಡಿಡುತ್ತಿದ್ದ ಹಳೆಯ ಉಂಗುರವೊಂದನ್ನೇ ತಿದ್ದಿ ವೇಗಾಪಕರ್ಷಕವನ್ನಾಗಿ ಮಾಡಿಕೊಂಡರು. ಹಳೆಯ ಸೀರೆಯಲ್ಲಿ ಲಂಗ ಹೊಲಿಸುವ ಜಾಣ್ಮೆ ನಮ್ಮ ಮನೆಗಳದು ಮಾತ್ರವಲ್ಲ.

ಓಡುವ ಕಣವನ್ನು ನಿಧಾನಗೊಳಿಸುವುದೇನು ಮಹಾ ಕೆಲಸ, ಓಡಿಸುವ ವಿದ್ಯುತ್ತನ್ನೇ ತಿರುಗಿಸಿ ಹಾಕಿದರಾಯಿತಲ್ಲ ಎಂದು ತೋರಬಹುದು. ತೊಡಕು ಇರುವುದು ಬೇರೆಡೆ. ಸೈಕಲ್ಲು ಭರದಿಂದ ಹೋಗುವಾಗ ನೆಟ್ಟಗೆ ಸಾಗುತ್ತದೆ. ನಿಧಾನವಾಗುತ್ತ ಬಂದಂತೆ ಅತ್ತಿತ್ತ ತೂರಾಡುತ್ತದೆ. ಕಣಗಳ ಗುಂಪೂ ಹಾಗೆಯೇ. ಪ್ರತಿಯೊಂದಕ್ಕೂ ಮುನ್ನುಗ್ಗುವ ನೂಕಿನ ಜೊತೆಗೆ ಪಕ್ಕಕ್ಕೆ ಸರಿಯುವ ಸ್ವಲ್ಪ ಚಾಂಚಲ್ಯವಿರುತ್ತದೆ. ಮುನ್ನುಗ್ಗುವ ನೂಕನ್ನು ತಗ್ಗಿಸಿದರೂ ಪಕ್ಕದ ಚಾಂಚಲ್ಯ ತಗ್ಗದು. ಆಗ ಗುಂಪು ಹರಡಿಕೊಂಡು ಕೊಳವೆಯ ಗೋಡೆಗೆ ತಾಗುವುದು. ಗೋಡೆ ದ್ರವ್ಯದಿಂದಾದುದು, ತಾಗಿದವು ಮುಗಿದುಹೋದಂತೆಯೇ. ಆದುದರಿಂದ ನಿಧಾನಗೊಳಿಸುವ ಮುನ್ನ ಗುಂಪಿನ ಚಾಂಚಲ್ಯವನ್ನು ಅಡಗಿಸಬೇಕು. ಇದಕ್ಕೆ ಅವರು ಇಟ್ಟ ಹೆಸರು ‘ತಣಿಸುವುದು’.

ತಣಿಸಲು ಎರಡು ಮಾರ್ಗಗಳುಂಟು. ಒಂದನ್ನು ಕಂಡುಹಿಡಿದವರು ಸೈಮನ್ ವಾನ್ ಡರ್ ಮೀರ್ ಎಂಬ ಡಚ್ ಎಂಜಿನಿಯರು. ಅದು ಅವರಿಗೆ ಹೊಳೆದುದು 1968ರಲ್ಲಿ. ಅತಿ ದೂರದ ಕಲ್ಪನೆಯೆಂದು ಅವರಿಗೇ ತೋರಿ, ಪ್ರಕಟಿಸಿದುದು 1972ರಲ್ಲಿ. ಅದನ್ನು ಹೀಗೆ ತಿಳಿಯಬಹುದು. ರಥಬೀದಿಯಲ್ಲಿ ತೇರು ಸುತ್ತು ಬರುತ್ತಿದೆ. ಒಂದು ಮೂಲೆಯಲ್ಲಿ ನಿಂತವನು ತೇರು ಎಡಕ್ಕೆ ಒಂದು ಗೇಣು ವಾಲಿದುದನ್ನು ಕಾಣುತ್ತಾನೆ. ತೇರು ಬೀದಿ ಸುತ್ತಿ ಬರುವುದರೊಳಗೆ ಅವನು ಗುಡಿಯ ಅಂಗಳದ ನಡುವಿನಿಂದ ಅಡ್ಡಹಾದಿಯಲ್ಲಿ ಓಡಿಹೋಗಿ, ಎದುರು ಮೂಲೆಯಲ್ಲಿ ಗಾಲಿಗೆ ಮರದ ತುಂಡು ಕೊಡುವವರಿಗೆ ‘ಎಡಕ್ಕೆ ವಾಲಿದೆ’ ಎಂದು ಕೂಗಿ ಹೇಳುತ್ತಾನೆ. ತೇರು ಬರುವಷ್ಟರಲ್ಲಿ ಮರದ ತುಂಡು ಸಿದ್ಧ. ಉಂಗುರದಲ್ಲಿ ನಡೆಯುವುದೂ ಇದೇ. ಒಂದೆಡೆಯ ಸೂಕ್ಷ್ಮ ಸಾಧನ ಕಣಗಳ ಗುಂಪು ಎಷ್ಟು ಓರೆಯಾಯಿತೆಂದು ಅಳೆಯುತ್ತದೆ. ಆ ಸಂದೇಶ ತಂತಿಯ ಮೂಲಕ ಉಂಗುರದ ಅಡ್ಡಹಾದಿಯಲ್ಲಿ ಹರಿದು, ಕಣಗಳಿಗಿಂತ ಮೊದಲೇ ಎದುರು ದಡವನ್ನು ಮುಟ್ಟುತ್ತದೆ. ಅಲ್ಲಿಯ ವಿದ್ಯುತ್ ತಟ್ಟೆಗಳು ಗುಂಪಿಗೆ ಸರಿಯಾದ ಒಂದು ತಟ್ಟು ಕೊಡುತ್ತವೆ. ಒಂದು ಸುತ್ತಿನಲ್ಲಿ ಆಗುವ ತಿದ್ದುಪಡಿ ಅತಿ ಸ್ವಲ್ಪ. ಆದರೆ ಸೆಕೆಂಡಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸುತ್ತುಗಳಿರುವಾಗ ಸ್ವಲ್ಪವೇ ಸಾಕು. ಇದೇ ಉಪಾಯದಿಂದ ಕೂಡಿಟ್ಟ ಪ್ರತಿಪ್ರೋಟಾನ್‌ಗಳ ಸಹಾಯದಿಂದ 1983ರಲ್ಲಿ ಎರಡು ಹೊಸ ಮೂಲಕಣಗಳು ಸಿಕ್ಕಿ, ವಾನ್ ಡರ್ ಮೀರ್ ಅವರು ಕಾರ್ಲೊ ರುಬ್ಬಿಯಾ ಅವರೊಡನೆ ಮರುವರ್ಷದ ನೊಬೆಲ್ ಬಹುಮಾನವನ್ನು ಹಂಚಿಕೊಂಡರು. ಭೌತಶಾಸ್ತ್ರದ ನೊಬೆಲ್ ಯಂತ್ರ ಕಟ್ಟುವ ಎಂಜಿನಿಯರೊಬ್ಬರಿಗೆ ಸಲ್ಲುವುದು ದಿನನಿತ್ಯದ ಸಂಗತಿಯಲ್ಲ.

ಎರಡನೆಯ ಮಾರ್ಗವನ್ನು ಸೂಚಿಸಿದವರು ಸೈಬೀರಿಯದ ನೊವೊಸಿಬಿರ್ಸ್ಕ್ ನಗರದ ಗೆರ್ಷ್ ಬುಡ್ಕರ್, 1966ರಲ್ಲಿ. ಕಾದ ಹಾಲನ್ನು ಬೇಗ ಆರಿಸಬೇಕಾದರೆ ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ನೀರು ಬಿಸಿಯಾದಂತೆ ಬದಲಾಯಿಸುತ್ತ ಹೋಗುತ್ತಾರೆ. ಇಲ್ಲಿ ಹಾಲು ಪ್ರತಿಪ್ರೋಟಾನ್‌ಗಳ ಗುಂಪು, ತಣ್ಣೀರು ಎಲೆಕ್ಟ್ರಾನ್‌ಗಳ ಧಾರೆ. ಎರಡೂ ಒಂದೇ ವೇಗದಲ್ಲಿ ಸ್ವಲ್ಪ ದೂರ ಜೊತೆಯಾಗಿ ಸಾಗುತ್ತವೆ. ಪ್ರತಿಪ್ರೋಟಾನಿನ ಚಾಂಚಲ್ಯ ಎಲೆಕ್ಟ್ರಾನಿಗೆ ದಾಟುತ್ತದೆ. ಬಿಸಿಯಾದ ಎಲೆಕ್ಟ್ರಾನ್‌ಗಳನ್ನು ಹೊರಗೆ ಚೆಲ್ಲಿ ಹೊಸವನ್ನು ಸುರಿಯುತ್ತಾರೆ. ಎರಡಕ್ಕೂ ವಿದ್ಯುದಂಶ ಋಣವೇ ಆದುದರಿಂದಲೂ, ಎಲೆಕ್ಟ್ರಾನ್ ಪ್ರತಿಪ್ರೋಟಾನಿನ ಪ್ರತಿರೂಪವಲ್ಲದುದರಿಂದಲೂ, ಒಂದನ್ನೊಂದು ನಾಶಮಾಡುವ ಭಯವಿಲ್ಲ.

ವೇಗ ಹೆಚ್ಚಿರುವಾಗ ಮೊದಲನೆಯ ಮಾರ್ಗ, ಕಡಮೆಯಾದ ಮೇಲೆ ಎರಡನೆಯದು. ಕಲ್ಯಾಣಿಯ ಮೆಟ್ಟಿಲಿಳಿದಂತೆ ಕಣಗಳು ಇಳಿಯುತ್ತವೆ, ನಿಂತು ತಣಿಯುತ್ತವೆ, ಮತ್ತೆ ಇಳಿಯುತ್ತವೆ. ಸುಮಾರು 100 ಸೆಕೆಂಡುಗಳ ತರುವಾಯ, 275 ಕೋಟಿ ಎಲೆಕ್ಟ್ರಾನ್‌ವೋಲ್ಟ್ ಚಲನಶಕ್ತಿಯಿಂದ ಹೊರಟವು 53 ಲಕ್ಷಕ್ಕೆ ಬಂದಿರುತ್ತವೆ. ವೇಗ ಬೆಳಕಿನ ಹತ್ತನೆಯ ಒಂದು ಪಾಲು. ಒಂದು ಸಲಕ್ಕೆ ಕೈಗೆ ಬರುವುದು ಸುಮಾರು 3 ಕೋಟಿ ಪ್ರತಿಪ್ರೋಟಾನ್.

ಈ 53 ಲಕ್ಷವೂ ಪ್ರಯೋಗ ಮಾಡುವವರಿಗೆ ಬಹಳ ಹೆಚ್ಚು. ಅವರ ಬಲೆಗೆ ಬೀಳುವುದು ಕೆಲವು ಸಾವಿರ ಎಲೆಕ್ಟ್ರಾನ್‌ವೋಲ್ಟಿನ ಕಣ ಮಾತ್ರ. ಆದುದರಿಂದ ಬಹುಕಾಲ ತೆಳುವಾದ ಹಾಳೆಯೊಂದನ್ನು ಅಡ್ಡವಿಟ್ಟು, ಅದನ್ನು ತೂರಿಬರುವಾಗ ಅವು ಬಳಲಲಿ ಎಂದು ಕಾಯುತ್ತಿದ್ದರು. ಬಳಲುವುದಕ್ಕಿಂತ ಸಾಯುವುದೇ ಹೆಚ್ಚು. ನೂರಕ್ಕೆ ತೊಂಬತ್ತೊಂಬತ್ತಕ್ಕಿಂತಲೂ ಮಿಗಿಲಾಗಿ ಹಾಳಾಗುತ್ತಿದ್ದವು. ಇಷ್ಟು ಕಷ್ಟದಿಂದ ಸಂಪಾದಿಸಿದುದನ್ನು ಹೊಸ್ತಿಲಲ್ಲಿ ಚೆಲ್ಲಿದಂತೆ. ಇದನ್ನು ಕಂಡು ಸಹಿಸಲಾರದೆ 2011ರಲ್ಲಿ ಎಲೀನಾ ಎಂಬ ಕಿರಿಯ ಉಂಗುರಕ್ಕೆ ಒಪ್ಪಿಗೆಯಿತ್ತರು. ಸುತ್ತಳತೆ 30 ಮೀಟರಿಗೆ ತುಸು ಹೆಚ್ಚು. ದೊಡ್ಡ ಉಂಗುರವಿರುವ ಕಟ್ಟಡದೊಳಗೇ ಮೂಲೆಯಲ್ಲಿ ಕುಳಿತಿದೆ. 53 ಲಕ್ಷವನ್ನು ಅದು 1 ಲಕ್ಷಕ್ಕೆ ಇಳಿಸುವುದು. 2021ರಿಂದ ಅಲ್ಲಿನ ಪ್ರಯೋಗಗಳಿಗೆಲ್ಲ ಪ್ರತಿಪ್ರೋಟಾನ್ ಹರಿಯುವುದು ಇದರ ಮೂಲಕವೇ. ಬಲೆಗೆ ಬೀಳುವ ಕಣಗಳ ಸಂಖ್ಯೆ ಹತ್ತರಿಂದ ನೂರು ಪಟ್ಟು ಹೆಚ್ಚುವಂತಾಯಿತು. ಮೊದಲು ಒಂದೊಂದು ತಂಡ ಎಂಟೆಂಟು ಗಂಟೆಯ ಸರದಿಯಲ್ಲಿ, ವಠಾರದವರು ನಲ್ಲಿಯ ಮುಂದೆ ಕೊಡ ಹಿಡಿದು ನಿಲ್ಲುವಂತೆ, ಕಾಯಬೇಕಾಗಿದ್ದಿತು. ಈಗ ಏಕಕಾಲಕ್ಕೆ ನಾಲ್ಕು ತಂಡಗಳ ಕೊಡವೂ ತುಂಬುವುದು.

ಗೋಡೆಯಿಲ್ಲದ ಪಾತ್ರೆ

ಪಾತ್ರೆಯ ಪ್ರಶ್ನೆಗೆ ಉತ್ತರ ಇನ್ನೂ ಉಳಿದಿದೆ. ವಿದ್ಯುದಂಶವಿರುವ ಕಣವನ್ನು ಮುಟ್ಟದೆಯೇ ಹಿಡಿದಿಡಬಹುದು. ಬಲವಾದ ಕಾಂತಕ್ಷೇತ್ರ ಅದನ್ನು ಪಕ್ಕಕ್ಕೆ ಹೋಗಗೊಡದೆ ಸುತ್ತಿಸುವುದು. ಎರಡು ತುದಿಗಳಲ್ಲಿ ವಿದ್ಯುತ್ತಿನ ಬೇಲಿ ಅದನ್ನು ಒಳಕ್ಕೆ ತಳ್ಳುವುದು. ಒಳಗೆ ಗಾಳಿಯ ಒಂದು ಅಣುವೂ ಸಿಕ್ಕದಂಥ ನಿರ್ವಾತ. 1986ರಲ್ಲಿ ಜೆರಾಲ್ಡ್ ಗೇಬ್ರಿಯಲ್ಸ್ ಅವರ ತಂಡ ಇಂಥ ಬಲೆಯಲ್ಲಿ ಮೊದಲ ಸಲ ಪ್ರತಿಪ್ರೋಟಾನ್‌ಗಳನ್ನು ಹಿಡಿಯಿತು. ಬೇಸ್ ಎಂಬ ತಂಡದವರು ಮುಂದೆ ಅವುಗಳನ್ನು 405 ದಿನಗಳ ಕಾಲ ಜೋಪಾನಮಾಡಿ ಇಟ್ಟರು. ಅದೇ ತಂಡ 2022ರಲ್ಲಿ ಪ್ರಕಟಿಸಿದಂತೆ, ವಿದ್ಯುದಂಶಕ್ಕೂ ತೂಕಕ್ಕೂ ಇರುವ ಪ್ರಮಾಣದಲ್ಲಿ ಪ್ರೋಟಾನಿಗೂ ಪ್ರತಿಪ್ರೋಟಾನಿಗೂ ಲಕ್ಷ ಕೋಟಿಯಲ್ಲಿ 16 ಪಾಲಿನಷ್ಟು ಸೂಕ್ಷ್ಮವಾಗಿ ನೋಡಿದರೂ ಭೇದ ಕಾಣಲಿಲ್ಲ.

ಆದರೆ ಪ್ರತಿಪ್ರೋಟಾನಿಗೆ ಪಾಸಿಟ್ರಾನನ್ನು ಜೊತೆಗೂಡಿಸಿ ಇಡಿಯ ಪರಮಾಣುವನ್ನೇ ಮಾಡಿದರೆ, ಅಂದರೆ ಪ್ರತಿಜಲಜನಕವನ್ನು ಮಾಡಿದರೆ, ಅದಕ್ಕೆ ವಿದ್ಯುದಂಶವೇ ಇಲ್ಲ. ಬೇಲಿ ಅದನ್ನು ತಡೆಯದು. 1995ರಲ್ಲಿ ಲಿಯರ್ ಉಂಗುರದಲ್ಲಿ ವಾಲ್ಟರ್ ಓಲೆರ್ಟ್ ಅವರ ತಂಡ ಮಾಡಿದ ಮೊದಲ ಒಂಬತ್ತು ಪ್ರತಿಜಲಜನಕಗಳು ಬೆಳಕಿನ ಬೆನ್ನಟ್ಟಿ ಸುಮಾರು 10 ಮೀಟರ್ ಓಡಿ ನಾಶವಾದುವು. 2002ರಲ್ಲಿ ನಿಧಾನದ ಪರಮಾಣುಗಳು ಸಾವಿರಗಟ್ಟಲೆ ಹುಟ್ಟಿದುವಾದರೂ ನಿಲ್ಲಲಿಲ್ಲ. ಪರಮಾಣುವಿಗೆ ತಾನೇ ಒಂದು ಪುಟ್ಟ ಸೂಜಿಗಲ್ಲಿನ ಗುಣವಿದೆ. ಅದನ್ನು ನಂಬಿ, ನಡುವೆ ದುರ್ಬಲವಾಗಿಯೂ ಅಂಚಿನಲ್ಲಿ ಪ್ರಬಲವಾಗಿಯೂ ಇರುವ ಕಾಂತದ ಬಟ್ಟಲೊಂದನ್ನು ಆಲ್ಫಾ ಎಂಬ ತಂಡದವರು ಹೆಣೆದರು. ಬಟ್ಟಲು ಬಹಳ ಆಳವಿಲ್ಲದುದು. ನಿರಪೇಕ್ಷ ಶೂನ್ಯಕ್ಕಿಂತ ಅರ್ಧ ಡಿಗ್ರಿ ಹೆಚ್ಚಾದರೂ ಪರಮಾಣು ಹೊರಕ್ಕೆ ಜಿಗಿದೀತು. 2010ರಲ್ಲಿ 38 ಪರಮಾಣುಗಳು ಸೆಕೆಂಡಿನ ಆರನೆಯ ಒಂದು ಭಾಗದಷ್ಟು ಹೊತ್ತು ನಿಂತವು. ಮರುವರ್ಷ 1000 ಸೆಕೆಂಡು ನಿಂತವು. 2018ರ ಹೊತ್ತಿಗೆ ಅವುಗಳ ಮೇಲೆ ಲೇಸರ್ ಬೆಳಕನ್ನು ಬಿಟ್ಟು, ಅವು ಹೀರುವ ಬಣ್ಣವನ್ನು ಲಕ್ಷ ಕೋಟಿಯಲ್ಲಿ ಎರಡು ಪಾಲಿನ ನಿಖರತೆಯಿಂದ ಅಳೆದರು. ಅಲ್ಲಿಯೂ ನಮ್ಮ ಜಲಜನಕಕ್ಕೂ ಅದಕ್ಕೂ ಭೇದವಿಲ್ಲ.

ಇನ್ನೊಂದು ಪ್ರಶ್ನೆ ಉಳಿದಿದ್ದಿತು. ಅದನ್ನು ಚಿಕ್ಕ ಮಕ್ಕಳೂ ಕೇಳಬಹುದು: ಕೈಬಿಟ್ಟರೆ ಪ್ರತಿದ್ರವ್ಯ ಎತ್ತ ಬೀಳುತ್ತದೆ? ಕೆಳಕ್ಕೇ ಬೀಳುವುದೆಂದು ಹೆಚ್ಚಿನ ವಿಜ್ಞಾನಿಗಳು ನಂಬಿದ್ದರು. ಆದರೆ ನಂಬಿಕೆ ಬೇರೆ, ಕಣ್ಣಾರೆ ಕಂಡುದು ಬೇರೆ. ಪ್ರತಿದ್ರವ್ಯ ಮೇಲಕ್ಕೆ ಏರುವುದಾದರೆ ಐನ್‌ಸ್ಟೈನರ ಗುರುತ್ವ ಸಿದ್ಧಾಂತದ ಬುಡವೇ ಅಲುಗಿ, ವಿಶ್ವದಲ್ಲಿ ಪ್ರತಿದ್ರವ್ಯ ಎಲ್ಲಿ ಹೋಯಿತೆಂಬ ಒಗಟಿಗೂ ಹೊಸ ಬಾಗಿಲೊಂದು ತೆರೆದಂತಾಗುತ್ತಿತ್ತು. ವಿದ್ಯುದಂಶವಿರುವ ಪ್ರತಿಪ್ರೋಟಾನಿನಲ್ಲಿ ಇದನ್ನು ನೋಡುವಂತಿಲ್ಲ. ಎಲ್ಲಿಯೋ ಅಡಗಿದ ಅತಿ ಕ್ಷೀಣ ವಿದ್ಯುತ್ತಿನ ಸೆಳೆತವೂ ಭೂಮಿಯ ಸೆಳೆತವನ್ನು ನುಂಗಿಬಿಡುವುದು. ಪ್ರತಿಜಲಜನಕವೇ ಬೇಕು.

ಆಲ್ಫಾ ತಂಡದವರು ಬಟ್ಟಲನ್ನು ಎತ್ತರದ ಕೊಳವೆಯಾಗಿ ನಿಲ್ಲಿಸಿ, ಸುಮಾರು ನೂರು ಪರಮಾಣುಗಳನ್ನು ಅದರಲ್ಲಿ ಸೆರೆಹಿಡಿದರು. ಮೇಲೊಂದು ಕೆಳಗೊಂದು ಕಾಂತದ ಬಾಗಿಲು. ನಡುವಣ ಅಂತರ ಸುಮಾರು 25 ಸೆಂಟಿಮೀಟರ್, ಶಾಲೆಯ ಹುಡುಗರ ಅಡಿಪಟ್ಟಿಗಿಂತ ಕಡಮೆ. 20 ಸೆಕೆಂಡುಗಳಲ್ಲಿ ಎರಡು ಬಾಗಿಲನ್ನೂ ಒಟ್ಟಿಗೆ ಮೆಲ್ಲಮೆಲ್ಲನೆ ತೆರೆದರು. ಹೊರಬಿದ್ದ ಪರಮಾಣು ಗೋಡೆಯನ್ನು ಮುಟ್ಟಿ ಸಿಡಿದಾಗ, ಸಿಡಿದುದು ಮೇಲೋ ಕೆಳಗೋ ಎಂದು ಸುತ್ತಲಿನ ಸಾಧನಗಳು ಎಣಿಸಿಕೊಂಡವು. ಗುರುತ್ವವೇ ಇಲ್ಲದಿದ್ದರೆ ಅರ್ಧಕ್ಕರ್ಧ ಮೇಲೆ, ಅರ್ಧಕ್ಕರ್ಧ ಕೆಳಗೆ. ಕಂಡುಬಂದುದು, ನೂರಕ್ಕೆ ಸುಮಾರು ಎಂಬತ್ತು ಕೆಳಗೆ! ಮಿಕ್ಕ ಇಪ್ಪತ್ತು ಮೇಲಕ್ಕೆ ಹೋದುದೇಕೆಂದು ಸಂದೇಹಪಡಬೇಕಾಗಿಲ್ಲ. ಅಷ್ಟು ಚಳಿಯಲ್ಲಿಯೂ ಪರಮಾಣುಗಳು ಪುಟಿಯುತ್ತಲೇ ಇರುವುದರಿಂದ ಕೆಲವು ಮೇಲಿನ ಬಾಗಿಲಿನಿಂದ ಚಿಮ್ಮುವುವು. ನಮ್ಮ ಮಾಮೂಲು ಜಲಜನಕವನ್ನೇ ತುಂಬಿದ್ದರೂ ಲೆಕ್ಕದ ಪ್ರಕಾರ ಹೀಗೆಯೇ ಆಗಬೇಕಾಗಿತ್ತು. 2023ರ ಸೆಪ್ಟೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಅಳತೆಯ ಪ್ರಕಾರ ಪ್ರತಿದ್ರವ್ಯದ ಮೇಲೆ ಭೂಮಿಯ ಸೆಳೆತ ದ್ರವ್ಯದ ಮೇಲಿರುವುದರ 0.75 ಪಾಲು, ಆದರೆ ಅಳತೆಯ ಅನಿಶ್ಚಿತತೆ ದೊಡ್ಡದು, ಪೂರ್ತಿ ಒಂದು ಆಗಿರುವುದಕ್ಕೂ ಅದರಲ್ಲಿ ಎಡೆಯಿದೆ. ಮೇಲಕ್ಕೆ ಏರುವುದೆಂಬ ಮಾತಂತೂ ಮುಗಿಯಿತು. ಕೆಳಕ್ಕೆ ಬೀಳುವುದೇನೋ ಸರಿ, ನಮ್ಮಷ್ಟೇ ಬೇಗ ಬೀಳುವುದೇ ಎಂಬುದನ್ನು ಇನ್ನೂ ಸೂಕ್ಷ್ಮವಾಗಿ ಅಳೆಯಬೇಕಾಗಿದೆ. ಅದೇ ಕಟ್ಟಡದಲ್ಲಿ ಬೇರೆ ಎರಡು ತಂಡಗಳೂ ಬೇರೆ ಬೇರೆ ಉಪಾಯಗಳಿಂದ ಇದರ ಹಿಂದೆ ಬಿದ್ದಿವೆ.

ಇಂಥ ಭಯಂಕರ ವಸ್ತುವನ್ನು ಕೂಡಿಟ್ಟರೆ ಬಾಂಬಾಗದೆ ಎಂದು ಕೇಳುವವರುಂಟು. ಕಾಲು ಗ್ರಾಂ ಪ್ರತಿದ್ರವ್ಯವನ್ನು ಸರ್ನ್‌ನಿಂದ ಕದ್ದು ನಗರವೊಂದನ್ನು ಹೆದರಿಸುವ ಕಥೆಯುಳ್ಳ ಆಂಗ್ಲ ಕಾದಂಬರಿಯೊಂದು ಲಕ್ಷಗಟ್ಟಲೆ ಪ್ರತಿಗಳಲ್ಲಿ ಮಾರಾಟವಾಗಿದೆ. ಧಾರಾವಾಹಿಗಳನ್ನು ಓದುವ ಕಣ್ಣಿಗೆ ಅದು ಸೊಗಸಾಗಿಯೇ ಇರುವುದು. ಆದರೆ ಲೆಕ್ಕ ಒಪ್ಪದು. ಒಂದು ಗ್ರಾಮಿಗೆ ಬೇಕಾದ ಪ್ರತಿಪ್ರೋಟಾನ್‌ಗಳ ಸಂಖ್ಯೆ ಆರರ ಮುಂದೆ ಇಪ್ಪತ್ತಮೂರು ಸೊನ್ನೆ. 100 ಸೆಕೆಂಡಿಗೆ 3 ಕೋಟಿಯಂತೆ, ಹಗಲಿರುಳು ಬಿಡುವಿಲ್ಲದೆ, ಒಂದನ್ನೂ ಚೆಲ್ಲದೆ ಕೂಡಿಟ್ಟರೂ ಒಂದು ಗ್ರಾಮಿಗೆ ಆರು ಸಾವಿರ ಕೋಟಿ ವರುಷಗಳಿಗೂ ಮಿಗಿಲಾಗಿ ಬೇಕು. ಕಾದಂಬರಿಯ ಕಳ್ಳನಿಗೆ ಬೇಕಾದ ಕಾಲು ಗ್ರಾಮಿಗೆ ಸಾವಿರದ ಐನೂರು ಕೋಟಿ ವರುಷ ದಾಟುತ್ತದೆ. ವಿಶ್ವದ ಈಗಿನ ವಯಸ್ಸೇ 1380 ಕೋಟಿ! ಸರ್ನ್‌ನಲ್ಲಿ ಇದುವರೆಗೆ ಮಾಡಿದ ಪ್ರತಿದ್ರವ್ಯವನ್ನೆಲ್ಲ ಒಟ್ಟುಗೂಡಿಸಿ ಉರಿಸಿದರೂ ಒಂದು ವಿದ್ಯುದ್ದೀಪ ಕೆಲವೇ ನಿಮಿಷ ಬೆಳಗೀತೆಂದು ಅಲ್ಲಿಯವರೇ ಹೇಳುತ್ತಾರೆ.

ಕದಿಯುವ ಮಾತು ಹಾಗಿರಲಿ, ಸಾಗಿಸುವ ಅಗತ್ಯ ಮಾತ್ರ ನಿಜವಾಗಿಯೇ ಬಂದಿದೆ. ವೇಗಾಪಕರ್ಷಕದ ಅಯಸ್ಕಾಂತಗಳು ಆ ಕಟ್ಟಡದ ಕಾಂತಕ್ಷೇತ್ರವನ್ನು ಸದಾ ಕಲಕುತ್ತಿರುತ್ತವೆ. ಅತಿ ನಯವಾದ ಅಳತೆಗೆ ಅಷ್ಟು ಕಲಕಾಟವೂ ಅಡ್ಡಿ. ಪ್ರತಿಪ್ರೋಟಾನನ್ನು ನಿಲ್ಲಿಸಿಕೊಡುವ ಯಂತ್ರವೇ ಅದನ್ನು ನೆಮ್ಮದಿಯಾಗಿ ನೋಡಗೊಡುವುದಿಲ್ಲ. ಆದುದರಿಂದ ಬೇಸ್ ತಂಡದವರು ಲಾರಿಯ ಮೇಲೆ ಏರಿಸಬಹುದಾದ ಬಲೆಯೊಂದನ್ನು ಕಟ್ಟಿದರು. ಒಳಗೆ ದ್ರವ ಹೀಲಿಯಂನಿಂದ ತಣ್ಣಗಿಟ್ಟ ಅತಿವಾಹಕ ಅಯಸ್ಕಾಂತ, ಅದರ ನಡುವೆ ನಿರ್ವಾತ. 2024ರ ಅಕ್ಟೋಬರಿನಲ್ಲಿ, ಮೊದಲ ಪರೀಕ್ಷೆಗೆಂದು, ಕಳೆದುಹೋದರೂ ನಷ್ಟವಿಲ್ಲದ 70 ಸಾಮಾನ್ಯ ಪ್ರೋಟಾನ್‌ಗಳನ್ನು ಅದರಲ್ಲಿ ತುಂಬಿ ಸರ್ನ್‌ನ ಆವರಣದ ರಸ್ತೆಗಳಲ್ಲಿ ಸುತ್ತಾಡಿಸಿ ತಂದರು. ಪ್ರಯಾಣಿಕರೆಲ್ಲರೂ ಕ್ಷೇಮವಾಗಿ ಹಿಂದಿರುಗಿದರು. ಅಂಥ ಪೆಟ್ಟಿಗೆಯಲ್ಲಿ ಪ್ರತಿಪ್ರೋಟಾನ್‌ಗಳನ್ನು ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರದ ನಿಶ್ಶಬ್ದ ಪ್ರಯೋಗಶಾಲೆಗೆ ಒಯ್ಯಬೇಕೆಂಬುದು ಅವರ ಉದ್ದೇಶ. ದಾರಿಯುದ್ದಕ್ಕೂ ಹೀಲಿಯಂ ಕಾಯದಂತೆ ನೋಡಿಕೊಳ್ಳಲು ಲಾರಿಯ ಮೇಲೆಯೇ ವಿದ್ಯುತ್ ಉತ್ಪಾದಕವೂ ಇರಬೇಕಾಗುವುದು.